ದೊಡ್ಡ ಸ್ವಾಮಿಯವರೂ ಸಾತಳ್ಳಿಯ ಒಕ್ಕಲುಗಳೂ

ಬಿಳಿಗೆರೆ, ತಿಪಟೂರಿನ ತೆಂಗಿನ ಸೀಮೆ ಬಿಟ್ಟು ಅರಸೀಕೆರೆ ದಾಟಿದರೆ ಹಾಸನದ ಕಡೆಯ ಹೊಲಗಳು ಶುರುವಾಗುತ್ತವೆ. ಅಲ್ಲಿನ ಸಾತಳ್ಳಿಯಲ್ಲಿ ಸುಮಾರು ಇನ್ನೂರು ವರ್ಷಗಳ ಹಿಂದೆ ಫ್ರೆಂಚ್ ಪಾದ್ರಿಯೊಬ್ಬರು ಕ್ರೈಸ್ತ ಕುಟುಂಬಗಳಿಗಾಗಿ ಬೇಸಾಯದ ವಸಾಹತು ಕಟ್ಟಿದರು. ಅವರೇ ಅಬ್ಬೆ ದುಬಾಯ್. ಜನ ಅವರನ್ನು 'ದೊಡ್ಡ ಸ್ವಾಮಿಯವರು' ಎನ್ನುತ್ತಿದ್ದರು.

ಕಾಲ ಕೆಟ್ಟಿತ್ತು. 1773ರಲ್ಲಿ ಪೋಪ್ ಜೆಸ್ವಿಟ್ ಸಂಘವನ್ನೇ ರದ್ದು ಮಾಡಿದ್ದರಿಂದ ಮೈಸೂರು ಸೀಮೆಯ ಹಳ್ಳಿಗಳಿಗೆ ಪಾದ್ರಿಗಳ ಕೊರತೆಯಾಗಿತ್ತು. ಬ್ರಿಟಿಷರಿಗೆ ನೆರವಾದರೆಂಬ ಗುಮಾನಿಯಿಂದ ಟಿಪ್ಪು ಸುಲ್ತಾನ 1784ರಲ್ಲಿ ಕೆನರಾದ ಸಾವಿರಾರು ಕ್ಯಾಥೊಲಿಕರನ್ನು ಹೆಂಡಿರು ಮಕ್ಕಳ ಸಮೇತ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ದ. ಅವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಅನೇಕರು ಬಲವಂತದ ಮತಾಂತರಕ್ಕೆ ಒಳಗಾದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ, ಅಳಿದುಳಿದವರನ್ನು ಮತ್ತೆ ಒಟ್ಟುಗೂಡಿಸಲು ದುಬಾಯ್ ಬಂದರು. ಫ್ರೆಂಚ್ ಕ್ರಾಂತಿಯ ಗದ್ದಲದಲ್ಲಿ, 1792ರಲ್ಲಿ, ತಾಯ್ನಾಡು ಬಿಟ್ಟು ಬಂದವರಿಗೆ ಚೆದುರಿದವರ ಪಾಡು ತೀರ ಹೊಸದೇನೂ ಆಗಿರಲಾರದು. ಕಾಷಾಯ ಉಟ್ಟು, ಮಾಂಸ ಬಿಟ್ಟು, ಹಳ್ಳಿಯವರ ರೀತಿಯಲ್ಲೇ ಬಾಳಿದರು.

ಅವರ ಇನ್ನೊಂದು ಕೆಲಸ ಸಿಡುಬಿನದು. ದಾಕು ಹಾಕುವ ವಿದ್ಯೆ ಭಾರತಕ್ಕೆ ಬಂದದ್ದು 1802ರಲ್ಲಿ. ಆಗ ಅದನ್ನು ಸೀಸೆಯಲ್ಲಿಟ್ಟು ದೂರ ಸಾಗಿಸುವುದು ಕಷ್ಟ. ಒಂದು ಮಗುವಿನ ತೋಳಿನ ಮೇಲೆದ್ದ ಗುಳ್ಳೆ ಎಂಟನೆಯ ದಿನದ ಹೊತ್ತಿಗೆ ಮಾಗಿದಾಗ, ಅದರ ರಸವನ್ನು ಇನ್ನೊಂದು ಮಗುವಿನ ತೋಳಿಗೆ ಹಚ್ಚಬೇಕು. ಸರಪಣಿ ಕಡಿದರೆ ರಸವೂ ಹೋಯಿತು. ಅಂದರೆ ಯಾರದೋ ಮನೆಯ, ಯಾವುದೋ ಜಾತಿಯ ಮಗುವಿನ ರಸ ತನ್ನ ಕೂಸಿಗೆ ಹತ್ತಲು ತಾಯಿ ಒಪ್ಪಬೇಕು. ಸಿಡುಬು ಬಂದರೆ 'ಅಮ್ಮ' ಬಂದಳೆಂದು ಕೈಮುಗಿಯುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಆದರೂ 1803ರ ಸೆಪ್ಟೆಂಬರಿನಿಂದ 1804ರ ಏಪ್ರಿಲ್‌ವರೆಗೆ ದುಬಾಯ್ ಕೈಕೆಳಗಿನವರು 25,432 ಮಂದಿಗೆ ದಾಕು ಹಾಕಿ ಲೆಕ್ಕ ಬರೆದಿಟ್ಟರು.

ಹಿಂದೂ ಆಚಾರಗಳ ಬಗೆಗಿನ ಅವರ ಪುಸ್ತಕ ಹೆಚ್ಚು ಪ್ರಸಿದ್ಧ. ಅದರಲ್ಲಿ ಬಹುಭಾಗ ಕೋರ್ದು ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರಹದಿಂದ ಬಂದದ್ದೆಂದು ಸಿಲ್ವಿಯಾ ಮುರ್ ಎಂಬ ಫ್ರೆಂಚ್ ವಿದುಷಿ ತೋರಿಸಿದ್ದಾರೆ. ಅದಿರಲಿ.

1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಅದೇ ವರ್ಷ ಅಚ್ಚಾದ ಅವರ ಪತ್ರಗಳು ಯುರೋಪಿನ ಮಿಷನರಿಗಳನ್ನು ಕೆರಳಿಸಿದವು. ಹಿಂದೂಗಳು ಕ್ರೈಸ್ತರಾಗುವುದು ಅಸಾಧ್ಯವೆಂದೇ ಅವರು ಬರೆದಿದ್ದರು. ಅವರು ಕೊಟ್ಟ ಕಾರಣಗಳಲ್ಲಿ ದೇವತಾಶಾಸ್ತ್ರಕ್ಕಿಂತ ಸಂಸಾರದ ಸಂಗತಿಯೇ ಮನಸ್ಸಿಗೆ ತಟ್ಟುತ್ತದೆ: ಮತ ಬಿಟ್ಟವನು ಜಾತಿಯಿಂದ ಹೊರಗಾಗುತ್ತಾನೆ, ಅಪ್ಪ ಅಮ್ಮ ಒಡಹುಟ್ಟಿದವರು ಕೈಬಿಡುತ್ತಾರೆ. ಹಾಗೆ ಒಂಟಿಯಾದವನಿಗೆ ಹೆಣ್ಣು ಕೊಡುವವರು ಯಾರು, ಕಣದಲ್ಲಿ ಕೈಗೂಡಿಸುವವರು ಯಾರು? ಸಾತಳ್ಳಿಯಲ್ಲಿ ಆ ತೊಡಕು ಅಷ್ಟಾಗಿ ಇರಲಿಲ್ಲ. ಅಲ್ಲಿ ನೆಲೆನಿಂತದ್ದು ಒಂಟಿ ಮನುಷ್ಯರಲ್ಲ, ಇಡೀ ಮನೆಗಳು. ಉಳಲು ಹೊಲವೂ ಇತ್ತು.

ದುಬಾಯ್ ಮತ್ತೆ ಇತ್ತ ಬರಲಿಲ್ಲ. 1848ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು. ಸಾತಳ್ಳಿಯಲ್ಲಿ ಕ್ರೈಸ್ತ ಒಕ್ಕಲುಗಳು ಉಳಿದುಕೊಂಡವು.