ಆಸ್ಪರಿ ಹಳಿ ಮತ್ತು ಮೇಡಂ ಬ್ಲಾವಟ್ಸ್ಕಿ

ಆಂಧ್ರದ ಆಸ್ಪರಿ ಸ್ಟೇಷನ್ ಹಾದು ಹೋಗುತ್ತಲ್ಲ ಮುಂಬೈ–ಚೆನ್ನೈ ಹಳಿ, ಅದು 1871ರಿಂದಲೂ ಇದೆ. ಆಗ ಈ ಸೀಮೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು.

1882ರ ಡಿಸೆಂಬರಿನಲ್ಲಿ ಮೇಡಂ ಬ್ಲಾವಟ್ಸ್ಕಿ, ಕರ್ನಲ್ ಆಲ್ಕಾಟ್ ಮುಂಬೈ ಬಿಟ್ಟು ಮದ್ರಾಸಿಗೆ ಹೊರಟರು. ಅಂದಿನ ರೈಲುದಾರಿ ಇದೇ! 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಅವರ ಅಧ್ಯಾತ್ಮ ಸಂಘ ಥಿಯಾಸಾಫಿಕಲ್ ಸೊಸೈಟಿ ಮದ್ರಾಸಿನ ಅಡ್ಯಾರಿನಲ್ಲಿ ನೆಲೆಯಾಯಿತು.

ಅಲ್ಲಿ ಒಂದು ಮರದ ಕಪಾಟು. ಅದರೊಳಗೆ ಹಿಮಾಲಯದಾಚೆಯ ಮಹಾತ್ಮರ ಪತ್ರಗಳು ತಾವಾಗಿಯೇ ಬಂದು ಬೀಳುತ್ತಿದ್ದವಂತೆ. ತನಿಖೆಗೆ ಬಂದ ರಿಚರ್ಡ್ ಹಾಡ್ಜ್‌ಸನ್, ಇದೆಲ್ಲ ಮೋಸ ಅಂತ 1885ರಲ್ಲಿ ವರದಿ ಕೊಟ್ಟ. ನನಗೂ ಆ ಕಪಾಟಿನ ಮೇಲೆ ನಂಬಿಕೆಯಿಲ್ಲ.

ಆದರೆ ಕರ್ಮ, ಪುನರ್ಜನ್ಮದ ವಿಚಾರ ಪಶ್ಚಿಮದ ಮಾಂತ್ರಿಕರ ನಡುವೆ ಹರಡಿದ್ದು ಬಹುಪಾಲು ಈ ಸೊಸೈಟಿಯಿಂದಲೇ. ಉದಾಹರಣೆಗೆ, ಕವಿ ಯೇಟ್ಸ್ ಮೊದಲು ಬ್ಲಾವಟ್ಸ್ಕಿ ಬಳಗದಲ್ಲಿದ್ದರು. 1890ರಲ್ಲಿ ಲಂಡನ್ನಿನ ಮಾಂತ್ರಿಕ ಕೂಟ ಗೋಲ್ಡನ್ ಡಾನ್ ಸೇರಿದರು.