ಎರಡೆಲೆಯೋ, ನಾಲ್ಕೆಲೆಯೋ?

ನಮ್ಮ ಹಾಸ್ಟೆಲ್ ಪೋಕರ್‌ನಲ್ಲಿ ದುಡ್ಡಿಲ್ಲ, ಪಣಕ್ಕೆ ಹುಣಸೆಬೀಜ. ನಾನು ಮೊದಲು ಕಲಿತದ್ದು ‘ಟೆಕ್ಸಾಸ್ ಹೋಲ್ಡೆಮ್’: ಕೈಗೆ ಎರಡು ಎಲೆ, ಎಲ್ಲರಿಗೂ ಸೇರಿದಂತೆ ನಡುವೆ ಐದು. ಎರಡು ಎಕ್ಕ ಬಂದರೆ ಕಣ್ಣುಮುಚ್ಚಿ ಬೀಜ ಸುರಿಯುತ್ತಿದ್ದೆ. ಹೆಚ್ಚಾಗಿ ಗೆಲ್ಲುತ್ತಿದ್ದೆ.

ಐದನೇ ಸೆಮಿಸ್ಟರ್‌ನಲ್ಲಿ ಸೀನಿಯರ್ ಒಬ್ಬರು ‘ಒಮಾಹಾ’ ಕಲಿಸಿದರು. ಇಲ್ಲಿ ಕೈಗೆ ನಾಲ್ಕು ಎಲೆ. ಆದರೆ ಕೈಯಿಂದ ಎರಡು, ನಡುವಿನಿಂದ ಮೂರು ಎಲೆಯನ್ನೇ ಸೇರಿಸಬೇಕು. ಒಮ್ಮೆ ನಡುವೆ ನಾಲ್ಕು ಆಟೀನು ಬಿದ್ದವು. ನನ್ನ ಕೈಯಲ್ಲಿ ಆಟೀನು ಎಕ್ಕ. ಗೆದ್ದೆನೆಂದು ಬೀಜವನ್ನೆಲ್ಲ ಮುಂದೆ ತಳ್ಳಿದೆ. ‘ಕೈಯಲ್ಲಿ ಇನ್ನೊಂದು ಆಟೀನು ಎಲ್ಲಪ್ಪಾ?’ ಎಂದರು ಸೀನಿಯರ್.

ರಾತ್ರಿ ಲೆಕ್ಕ ಹಾಕಿದೆ. ನಾಲ್ಕು ಎಲೆಯಲ್ಲಿ 6 ಜೋಡಿ ಸಾಧ್ಯ, ಎದುರಿನವರಿಗೂ ಅಷ್ಟೇ. ಬರೀ ಎಕ್ಕದ ಜೋಡಿ ನೆಚ್ಚಿ ಕೂರುವಂತಿಲ್ಲ. ಆ ಹೆದರಿಕೆ ಹೊತ್ತು ಹೋಲ್ಡೆಮ್‌ಗೆ ಮರಳಿದರೆ, ಗೆಲ್ಲುವ ಎಲೆಯನ್ನೂ ಪ್ಯಾಕ್ ಮಾಡತೊಡಗಿದೆ!

ಸಿ ಭಾಷೆ ಅರ್ಧ ಕಲಿತು ಪೈಥಾನ್‌ಗೆ ಹಾರಿದಾಗಲೂ ನನಗೆ ಹೀಗೇ ಆಗಿತ್ತು. ಹೊಸಬರು ಒಂದರಲ್ಲಿ ಕೈ ಕುದುರಿದ ಮೇಲೆ ಇನ್ನೊಂದಕ್ಕೆ ಹೋಗುವುದು ಲೇಸು. ಆದರೂ ಎದುರಿನವರ ಕೈಯಲ್ಲೇನಿರಬಹುದು ಎಂದು ಯೋಚಿಸಲು ಕಲಿಸಿದ್ದು ಒಮಾಹಾನೇ. ಈಗ ಎಲೆ ಹಂಚುವ ಮುನ್ನ ಕೇಳುತ್ತೇನೆ: ಇವತ್ತು ಎರಡೋ, ನಾಲ್ಕೋ?