ಮೇಪಲ್ ಫಡ್ಜ್: ಹರಳು ಹುಟ್ಟುವ ಹೊತ್ತು

ಮೇಪಲ್ ಸಿರಪ್, ಕೆನೆ, ಒಂದಿಷ್ಟು ಬೆಣ್ಣೆ, ಚಿಟಿಕೆ ಉಪ್ಪು. ಮೇಪಲ್ ಫಡ್ಜ್ ಮಾಡಲು ಬೇಕಾದ ಸಾಮಾನು ಇಷ್ಟೇ. ಇದನ್ನೇ ಒಂದೇ ಅಳತೆಯಲ್ಲಿ ಮೂವರ ಕೈಗೆ ಕೊಟ್ಟು ನೋಡಿ. ಒಬ್ಬರ ತಟ್ಟೆಯಲ್ಲಿ ಬಾಯಿಗಿಟ್ಟರೆ ಕರಗುವ ಬಿಲ್ಲೆ ಸಿದ್ಧವಾಗುತ್ತದೆ. ಇನ್ನೊಬ್ಬರದು ಮರಳು ಮರಳಾಗಿ ಹಲ್ಲಿಗೆ ಸಿಗುತ್ತದೆ. ಮೂರನೆಯವರದು ರಾತ್ರಿ ಕಳೆದರೂ ಗಟ್ಟಿಯಾಗದೆ ಅಂಟು ಅಂಟಾಗಿಯೇ ಉಳಿಯುತ್ತದೆ. ಸಾಮಾನು ಒಂದೇ, ಒಲೆಯೂ ಒಂದೇ. ಫರಕು ಇರುವುದು ಪಾಕ ಯಾವ ಹದಕ್ಕೆ ಬಂತು, ಸೌಟು ಯಾವಾಗ ಆಡಿತು, ಯಾವಾಗ ಸುಮ್ಮನಿತ್ತು ಎಂಬುದರಲ್ಲಿ.

ಹಾಲಿನ ಅಂಶದೊಡನೆ ಸಕ್ಕರೆಯನ್ನು ಪಾಕ ಮಾಡಿ, ಆರಿಸಿ, ತಿರುವಿ ಗಟ್ಟಿಗೊಳಿಸುವ ಸಿಹಿಯೇ ಫಡ್ಜ್. ಅಮೆರಿಕದಲ್ಲಿ ಇದರ ದಾಖಲೆ 1880ರ ದಶಕಕ್ಕೆ ಹೋಗುತ್ತದೆ. ನ್ಯೂಯಾರ್ಕ್ ರಾಜ್ಯದ ವಾಸರ್ ಕಾಲೇಜಿನಲ್ಲಿ ಓದುತ್ತಿದ್ದ ಎಮೆಲಿನ್ ಹಾರ್ಟ್ರಿಜ್ 1888ರಲ್ಲಿ ಕಾಲೇಜಿನ ಹರಾಜಿಗೆಂದು 30 ಪೌಂಡ್, ಅಂದರೆ ಹದಿಮೂರು ಕಿಲೋ ಮೀರಿದಷ್ಟು ಚಾಕೊಲೇಟ್ ಫಡ್ಜ್ ಮಾಡಿದ್ದಾಗಿ ಪತ್ರವೊಂದರಲ್ಲಿ ಬರೆದಿದ್ದಾರೆ. ಚಾಕೊಲೇಟಿನ ಬದಲು ಮೇಪಲ್ ಹಾಕಿದ ಫಡ್ಜ್ ಕೆನಡಾದ ಕ್ವಿಬೆಕ್ ಪ್ರಾಂತ್ಯ ಮತ್ತು ಅಮೆರಿಕದ ವರ್ಮಾಂಟ್ ಸೀಮೆಯ ಮನೆತಿಂಡಿ. ಅದರ ನಂಟನಾದ ‘ಸುಕ್ರ್ ಆ ಲಾ ಕ್ರೆಮ್’ ಇಲ್ಲದೆ ಕ್ವಿಬೆಕ್‌ನ ಫ್ರೆಂಚ್ ಮಾತಿನ ಮನೆಗಳಲ್ಲಿ ಕ್ರಿಸ್ಮಸ್ ಕಳೆಗಟ್ಟುವುದು ಕಷ್ಟ.

ಮರದಿಂದ ಬಾಣಲೆಗೆ

ಜಗತ್ತಿನ ಮೇಪಲ್ ಸಿರಪ್ಪಿನಲ್ಲಿ ಸುಮಾರು ಶೇಕಡಾ 70 ಕ್ವಿಬೆಕ್ ಒಂದರಿಂದಲೇ ಬರುತ್ತದೆ. ಅದರ ಮೂಲ, ಉತ್ತರ ಅಮೆರಿಕದ ಪೂರ್ವ ಭಾಗದಲ್ಲಿ ಬೆಳೆಯುವ ಸಕ್ಕರೆ ಮೇಪಲ್ ಮರ. ಬೇಸಿಗೆಯಲ್ಲಿ ಎಲೆಗಳು ತಯಾರಿಸಿದ ಸಕ್ಕರೆಯನ್ನು ಮರ ಪಿಷ್ಟದ ರೂಪದಲ್ಲಿ ಕಾಂಡದಲ್ಲಿ ಕೂಡಿಡುತ್ತದೆ. ಚಳಿಗಾಲ ಕಳೆಯುವ ಹೊತ್ತಿಗೆ ಆ ಪಿಷ್ಟ ಮತ್ತೆ ಸಕ್ಕರೆಯಾಗಿ ರಸಕ್ಕೆ ಸೇರುತ್ತದೆ. ಫೆಬ್ರುವರಿ ಕೊನೆಯಿಂದ ಏಪ್ರಿಲ್‌ವರೆಗೆ ರಾತ್ರಿ ನೀರು ಹೆಪ್ಪುಗಟ್ಟುವ ಚಳಿ, ಹಗಲು ಹಿಮ ಕರಗುವಷ್ಟು ಬಿಸಿಲು ಇರುವ ದಿನಗಳಲ್ಲಿ ಮಾತ್ರ ರಸ ಚೆನ್ನಾಗಿ ಇಳಿಯುತ್ತದೆ.

ಇದಕ್ಕೆ ಮೇಪಲ್ ಮರದ ಒಳರಚನೆಯೇ ಕಾರಣ. ಅದರ ಕಾಂಡದ ನಾರುಗಳಲ್ಲಿ ನೀರಿನ ಬದಲು ಅನಿಲ ತುಂಬಿರುತ್ತದೆ. ರಾತ್ರಿಯ ಚಳಿಗೆ ನಾರುಗಳ ಒಳಗೋಡೆಗೆ ಮಂಜುಗಡ್ಡೆ ಕಟ್ಟುತ್ತದೆ, ಒಳಗಿನ ಅನಿಲ ಒತ್ತಿ ಕುಗ್ಗುತ್ತದೆ, ಬೇರುಗಳಿಂದ ಇನ್ನಷ್ಟು ನೀರು ಮೇಲಕ್ಕೆ ಬರುತ್ತದೆ. ಹಗಲು ಗಡ್ಡೆ ಕರಗಿದಾಗ ಅದುಮಿಕೊಂಡಿದ್ದ ಅನಿಲ ಹಿಗ್ಗಿ ರಸವನ್ನು ಹೊರಕ್ಕೆ ನೂಕುತ್ತದೆ. ಕಾಂಡದಲ್ಲಿ ಸಣ್ಣ ತೂತು ಕೊರೆದು ನಳಿಗೆ ಸಿಕ್ಕಿಸಿದರೆ ರಸ ತೊಟ್ಟಿಕ್ಕುತ್ತದೆ. ಅನಿಶಿನಾಬೆ, ಹೋಡೆನೊಶೋನಿ, ಅಬೆನಾಕಿ ಮೊದಲಾದ ಮೂಲನಿವಾಸಿಗಳು ಯುರೋಪಿನವರು ಬರುವ ಮೊದಲೇ ಇದನ್ನು ಬಲ್ಲವರು. ಕೆಡದೆ ಉಳಿಯುತ್ತದೆಂದು ಅವರು ರಸವನ್ನು ಸಕ್ಕರೆಯಾಗುವವರೆಗೂ ಕಾಯಿಸಿ ಕೂಡಿಡುತ್ತಿದ್ದರು.

ಈ ರಸ ನೋಡಲು ನೀರಿನಂತೆಯೇ ಇರುತ್ತದೆ. ಅದರಲ್ಲಿ ಸಕ್ಕರೆ ಶೇಕಡಾ 2ರ ಆಸುಪಾಸು. ಹೀಗಾಗಿ ಒಂದು ಲೀಟರ್ ಸಿರಪ್ಪಿಗೆ ಸುಮಾರು 40 ಲೀಟರ್ ರಸ ಬೇಕು. ಸಕ್ಕರೆಯ ಪಾಲು ಶೇಕಡಾ 66 ಮುಟ್ಟಿದಾಗ ಅದು ಸಿರಪ್ ಎನಿಸಿಕೊಳ್ಳುತ್ತದೆ. ಆಗ ಅದರ ಕುದಿಬಿಂದು ನೀರಿಗಿಂತ ಸುಮಾರು 4 ಡಿಗ್ರಿ ಹೆಚ್ಚು. ಈ ಸಕ್ಕರೆಯ ಬಹುಪಾಲು ಕಬ್ಬಿನಲ್ಲಿರುವ ಸುಕ್ರೋಸೇ. ಆದ್ದರಿಂದಲೇ ಮೇಪಲ್ ಸಿರಪ್ಪಿನಿಂದ ಫಡ್ಜ್ ಕಟ್ಟಲು ಸಾಧ್ಯ.

ಪಾಕದ ಲೆಕ್ಕ

ಮನೆಯಲ್ಲಿ ಮಾಡುವವರ ಸಾಮಾನ್ಯ ಅಳತೆ ಹೀಗೆ: ಎರಡು ಬಟ್ಟಲು ಮೇಪಲ್ ಸಿರಪ್, ಒಂದು ಬಟ್ಟಲು ಗಟ್ಟಿ ಕೆನೆ, ಒಂದೆರಡು ದೊಡ್ಡ ಚಮಚ ಬೆಣ್ಣೆ. ಕೆನೆ ಬಿದ್ದ ಪಾಕ ಉಕ್ಕುವುದರಿಂದ ಅಳತೆಯ ಮೂರು ನಾಲ್ಕು ಪಟ್ಟು ಹಿಡಿಸುವ ದಪ್ಪ ತಳದ ಪಾತ್ರೆ ಬೇಕು. ಸಿರಪ್ ಮತ್ತು ಕೆನೆಯನ್ನು ಮಧ್ಯಮ ಉರಿಯಲ್ಲಿ ಕುದಿಸುತ್ತಾ ಪಾಕವನ್ನು 114 ಡಿಗ್ರಿ ಸೆಲ್ಸಿಯಸ್ ಹತ್ತಿರಕ್ಕೆ ತರಬೇಕು.

ಈ ಉಷ್ಣಾಂಶ ಹೇಳುವುದು ಬಿಸಿಯನ್ನಷ್ಟೇ ಅಲ್ಲ, ನೀರು ಎಷ್ಟು ಉಳಿದಿದೆ ಎಂಬುದನ್ನೂ. ನೀರು ಆವಿಯಾದಷ್ಟೂ ಪಾಕದ ಕುದಿಬಿಂದು ಏರುತ್ತದೆ. 114 ಡಿಗ್ರಿಯ ಸುಮಾರಿಗೆ ಸಕ್ಕರೆಯ ಪಾಲು ಶೇಕಡಾ 85ಕ್ಕೆ ಬಂದಿರುತ್ತದೆ. ಶುದ್ಧ ಸಕ್ಕರೆಯ ಪಾಕಕ್ಕೆ ಲೆಕ್ಕ ಹಾಕಿದರೆ 100 ಗ್ರಾಂ ನೀರಿನಲ್ಲಿ 550 ಗ್ರಾಂ ಮೀರಿದ ಸಕ್ಕರೆ. ಇದೇ 100 ಗ್ರಾಂ ನೀರು 45 ಡಿಗ್ರಿಗೆ ಇಳಿದಾಗ ಕರಗಿಸಿಟ್ಟುಕೊಳ್ಳಬಲ್ಲದ್ದು ಸುಮಾರು 250 ಗ್ರಾಂ ಮಾತ್ರ. ಉಳಿದ ಅರ್ಧಕ್ಕೂ ಹೆಚ್ಚು ಸಕ್ಕರೆಗೆ ದ್ರಾವಣದಲ್ಲಿ ನ್ಯಾಯವಾಗಿ ಜಾಗವಿಲ್ಲ. ಆದರೂ ಅಲುಗಾಡಿಸದೆ ಬಿಟ್ಟರೆ ಅದು ಹರಳಾಗದೆ ಉಳಿದುಕೊಳ್ಳುತ್ತದೆ. ರಸಾಯನ ವಿಜ್ಞಾನದಲ್ಲಿ ಈ ಸ್ಥಿತಿಗೆ ಅತಿಪರ್ಯಾಪ್ತ ದ್ರಾವಣವೆಂದು ಹೆಸರು.

ಹರಳು ಹುಟ್ಟಬೇಕಾದರೆ ಮೊದಲು ಒಂದಷ್ಟು ಅಣುಗಳು ಶಿಸ್ತಾಗಿ ಒಂದೆಡೆ ಜೋಡಿಸಿಕೊಂಡು ಬೀಜ ಕಟ್ಟಬೇಕು. ಮಿಕ್ಕ ಅಣುಗಳು ಬಂದು ಆ ಬೀಜಕ್ಕೆ ಅಂಟಿಕೊಳ್ಳುತ್ತವೆ. ಸೌಟಿನ ಒಂದು ತಿರುವು, ಪಾತ್ರೆಯ ಅಂಚಿನಿಂದ ಉದುರಿದ ಒಂದು ಸಕ್ಕರೆ ಕಣ, ಒಂದಿಷ್ಟು ಧೂಳು ಸಾಕು, ಬೀಜ ಸಿದ್ಧ. ಪಾಕ ಕುದಿಯುವಾಗ ಪಾತ್ರೆಯ ಗೋಡೆಗೆ ಸಿಡಿದು ಒಣಗಿದ ಸಕ್ಕರೆಯನ್ನು ಒದ್ದೆ ಕುಂಚದಿಂದ ಒರೆಸುವುದು, ಇಲ್ಲವೇ ಒಂದೆರಡು ನಿಮಿಷ ಮುಚ್ಚಳ ಹಾಕಿ ಆವಿಯಿಂದ ಕರಗಿಸುವುದು ಇದಕ್ಕಾಗಿಯೇ.

ಸುಮ್ಮನಿರಬೇಕಾದ ಹೊತ್ತು

ಒಲೆ ಆರಿಸಿ, ಬೆಣ್ಣೆ ಹಾಕಿ, ಕಲಕದೆ ಬಿಡಬೇಕು. ಪಾಕ 45 ಡಿಗ್ರಿಯ ಸುಮಾರಿಗೆ, ಅಂದರೆ ಪಾತ್ರೆಯ ತಳವನ್ನು ಅಂಗೈಯಲ್ಲಿ ತಾಳಿಕೊಳ್ಳುವಷ್ಟು ಬಿಸಿಗೆ ಇಳಿಯುವವರೆಗೂ ಸೌಟು ಮುಟ್ಟುವಂತಿಲ್ಲ.

ಬಿಸಿಯಿರುವಾಗಲೇ ಕಲಕಿದರೆ ಏನಾದೀತು? ಆಗ ಪಾಕ ತೆಳು, ಅಣುಗಳ ಓಡಾಟ ಸಲೀಸು, ಅತಿಪರ್ಯಾಪ್ತತೆ ಕಡಿಮೆ. ಹುಟ್ಟುವ ಬೀಜಗಳು ಕೆಲವೇ. ಸುತ್ತಲಿನ ಸಕ್ಕರೆಯೆಲ್ಲ ಆ ಕೆಲವಕ್ಕೇ ಅಂಟಿ ಹರಳುಗಳು ದಪ್ಪಗೆ ಬೆಳೆಯುತ್ತವೆ. ಆರಿದ ಪಾಕದಲ್ಲಿ ಇದು ತಿರುಗುಮುರುಗು. ಅಲ್ಲಿ ಅಣುಗಳು ದೂರ ಓಡಾಡಲಾರವು, ಕರಗಿ ನಿಂತಿರುವ ಹೆಚ್ಚುವರಿ ಸಕ್ಕರೆ ಮಾತ್ರ ವಿಪರೀತ. ಆಗ ಕಲಕಿದರೆ ಒಮ್ಮೆಲೇ ಲೆಕ್ಕವಿಲ್ಲದಷ್ಟು ಬೀಜಗಳು ಹುಟ್ಟಿ ಇದ್ದ ಸಕ್ಕರೆಯನ್ನು ಹಂಚಿಕೊಳ್ಳುತ್ತವೆ. ಯಾವ ಹರಳಿಗೂ ದೊಡ್ಡದಾಗುವಷ್ಟು ಪಾಲು ಸಿಗುವುದಿಲ್ಲ. ಹರಳಿನ ಗಾತ್ರ 20 ಮೈಕ್ರೋಮೀಟರಿನ ಆಸುಪಾಸಿಗೆ ಇಳಿದರೆ ನಾಲಿಗೆಗೆ ಅದು ಬಿಡಿಯಾಗಿ ತಿಳಿಯದು. ತಿಳಿಯುವುದು ನುಣುಪು ಮಾತ್ರ.

ಒಮ್ಮೆ ತಿರುವಲು ತೊಡಗಿದ ಮೇಲೆ ನಿಲ್ಲಿಸಬಾರದು. ನಿಲ್ಲಿಸಿದರೆ ಹರಳುಗಳು ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುತ್ತವೆ. ಕೆಲವು ನಿಮಿಷಗಳಲ್ಲಿ ಪಾಕ ಮಂದವಾಗಿ, ಬಣ್ಣ ತಿಳಿಯಾಗಿ, ಕನ್ನಡಿಯಂಥ ಹೊಳಪು ಮಾಯವಾಗುತ್ತದೆ. ಸಣ್ಣ ಹರಳುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದೇ ಇದಕ್ಕೆ ಕಾರಣ. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯುವವರಿಗೆ ಈ ಗಳಿಗೆ ಗೊತ್ತು: ಪಾಕ ಬೆಳ್ಳಗಾಗುತ್ತಿದ್ದಂತೆ ಅಚ್ಚಿಗೆ ಸುರಿಯಬೇಕು, ತಡೆದರೆ ಪಾತ್ರೆಯಲ್ಲೇ ಗಟ್ಟಿ. ಫಡ್ಜನ್ನೂ ಹೊಳಪು ಹೋದ ಕೂಡಲೇ ಬೆಣ್ಣೆ ಸವರಿದ ತಟ್ಟೆಗೆ ಹರಡಬೇಕು.

ಮೇಪಲ್ ಸೀಮೆಯಲ್ಲಿ ಇದೇ ಮಾತಿಗೆ ಇನ್ನೊಂದು ಸಾಕ್ಷಿಯಿದೆ. ಬರೀ ಸಿರಪ್ಪನ್ನು ಬಹುತೇಕ ಇದೇ ಹದಕ್ಕೆ ಕಾಯಿಸಿ ಕಲಕದೆ ಹಿಮದ ಮೇಲೆ ಸುರಿದರೆ ಹರಳೇ ಹುಟ್ಟುವುದಿಲ್ಲ. ಜೋಡಿಸಿಕೊಳ್ಳಲು ಅಣುಗಳಿಗೆ ಪುರಸೊತ್ತಿಲ್ಲದಷ್ಟು ಬೇಗ ಅದು ತಣ್ಣಗಾಗುತ್ತದೆ. ಕಡ್ಡಿಗೆ ಸುತ್ತಿ ತಿನ್ನುವ ಜಗಿಯುವ ಮಿಠಾಯಿ ಸಿಗುತ್ತದೆ. ಅದನ್ನೇ ಬೇಗ ಆರಿಸಿ ತಿರುವಿದರೆ ಬ್ರೆಡ್ಡಿಗೆ ಸವರುವ ಮೇಪಲ್ ಬೆಣ್ಣೆ. ಅದರಲ್ಲಿ ಹನಿ ಬೆಣ್ಣೆಯೂ ಇಲ್ಲ, ಇರುವುದು ಸಣ್ಣ ಹರಳು ಮಾತ್ರ.

ಅಡ್ಡಿ ಮಾಡುವವೂ ಬೇಕು

ಸುಕ್ರೋಸ್ ಅಣುಗಳು ಸಾಲುಗಟ್ಟುವಾಗ ನಡುವೆ ಬೇರೆ ಆಕಾರದ ಅಣು ಬಂದರೆ ಸಾಲು ಕೆಡುತ್ತದೆ. ಕೆನೆಯ ಕೊಬ್ಬು, ಪ್ರೋಟೀನುಗಳು ಮಾಡುವ ಕೆಲಸ ಇದೇ. ಹರಳುಗಳ ನಡುವೆ ಸೇರಿ ಅವನ್ನು ದೂರ ಇಡುತ್ತವೆ, ಬೆಳವಣಿಗೆಯನ್ನು ತಡೆಯುತ್ತವೆ. ಕ್ವಿಬೆಕ್‌ನವರು ಬಳಸುವ ಕೆನೆಯಲ್ಲಿ ಕೊಬ್ಬು ಶೇಕಡಾ 35. ನಮ್ಮ ಅಂಗಡಿಗಳ ಫ್ರೆಶ್ ಕ್ರೀಮಿನಲ್ಲಿ ಅದಕ್ಕಿಂತ ಕಡಿಮೆ, ನೀರು ಹೆಚ್ಚು. ಹಾಗಾಗಿ ಹೆಚ್ಚು ಹೊತ್ತು ಕುದಿಸಬೇಕಾಗುತ್ತದೆ.

ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೂಡ ಹೀಗೆಯೇ ಅಡ್ಡಿ ಮಾಡುತ್ತವೆ. ಒಂದು ಸುಕ್ರೋಸ್ ಅಣು ಒಡೆದರೆ ಸಿಗುವುದು ಇವೆರಡೇ. ಇವು ಸ್ವಲ್ಪ ಇದ್ದರೆ ಫಡ್ಜ್ ನುಣುಪು, ಹೆಚ್ಚಾದರೆ ಗಟ್ಟಿಯಾಗುವುದೇ ಇಲ್ಲ. ಇಲ್ಲಿ ಸಿರಪ್ ಆರಿಸುವ ಜಾಣತನ ಬೇಕು. ಹಂಗಾಮಿನ ಆರಂಭದ ರಸದಿಂದ ತಿಳಿಬಣ್ಣದ ಸಿರಪ್ ಬರುತ್ತದೆ. ದಿನ ಕಳೆದು ಬಿಸಿಲೇರಿದಂತೆ ರಸದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚಿ ಸುಕ್ರೋಸನ್ನು ಒಡೆಯುತ್ತವೆ, ಸಿರಪ್ ಕಪ್ಪಾಗುತ್ತದೆ. ಕಪ್ಪು ಸಿರಪ್ಪಿಗೆ ಘಮ ಜಾಸ್ತಿ, ಹರಳುಗಟ್ಟುವ ಗುಣ ಕಡಿಮೆ. ಆದ್ದರಿಂದ ಮಿಠಾಯಿ ಮಾಡುವವರು ತಿಳಿಬಣ್ಣದ್ದನ್ನೋ ಮಧ್ಯಮ ಬಣ್ಣದ್ದನ್ನೋ ಹುಡುಕುತ್ತಾರೆ.

‘ಪ್ಯಾನ್‌ಕೇಕ್ ಸಿರಪ್’ ಎಂಬ ಹೆಸರಿನ ಅಗ್ಗದ ಬಾಟಲಿಗಳು ಸಾಮಾನ್ಯವಾಗಿ ಮೆಕ್ಕೆಜೋಳದ ಸಿರಪ್ಪಿಗೆ ಬಣ್ಣ, ಪರಿಮಳ ಬೆರೆಸಿದವು. ಅವುಗಳಲ್ಲಿ ಇರುವುದೇ ಮುಖ್ಯವಾಗಿ ಈ ಅಡ್ಡಿ ಮಾಡುವ ಸಕ್ಕರೆಗಳು. ಎಷ್ಟು ತಿರುವಿದರೂ ಅವು ಫಡ್ಜ್ ಆಗವು.

ಘಮದಲ್ಲಿ ಮೆಂತ್ಯದ ಪಾಲು

ಮರದ ರಸಕ್ಕೆ ಮೇಪಲ್ ಘಮ ಇರುವುದೇ ಇಲ್ಲ. ಕಾಯಿಸುವಾಗ ಸಕ್ಕರೆಗಳು ಅಮೈನೋ ಆಮ್ಲಗಳೊಡನೆ ವರ್ತಿಸಿ ಹೊಸ ಸಂಯುಕ್ತಗಳು ಹುಟ್ಟುತ್ತವೆ. ಬಣ್ಣ, ಘಮ ಎರಡೂ ಬರುವುದು ಆಗಲೇ. ಫಡ್ಜಿಗೆ ಕೆನೆಯ ಪ್ರೋಟೀನು ಸೇರುವುದರಿಂದ ಈ ವರ್ತನೆ ಇನ್ನೊಂದು ಸುತ್ತು ನಡೆಯುತ್ತದೆ. 2011ರಲ್ಲಿ ಅಮೆರಿಕದ ರೋಡ್ ಐಲೆಂಡ್ ವಿಶ್ವವಿದ್ಯಾಲಯದ ನವೀಂದ್ರ ಸೀರಂ ಅವರ ತಂಡ ಸಿರಪ್ಪಿನಲ್ಲಿ ಗುರುತಿಸಿದ ಹೊಸ ಸಂಯುಕ್ತಕ್ಕೆ ‘ಕ್ವಿಬೆಕಾಲ್’ ಎಂದು ಹೆಸರಿಟ್ಟಿತು. ಅದು ರಸ ಕಾಯಿಸುವಾಗ ಉಂಟಾಗುವಂಥದ್ದು.

ಮೇಪಲ್ ಘಮದಲ್ಲಿ ಪಾಲುಳ್ಳ ಸೊಟೊಲೋನ್ ಎಂಬ ಸಂಯುಕ್ತ ನಮ್ಮ ಮೆಂತ್ಯದಲ್ಲೂ ಇದೆ. ಕೃತಕ ಮೇಪಲ್ ಪರಿಮಳಕ್ಕೆ ಮೆಂತ್ಯದ ಸಾರ ಬಳಸುವುದುಂಟು. 2005ರಿಂದ ನ್ಯೂಯಾರ್ಕ್ ನಗರದಲ್ಲಿ ಆಗಾಗ ಮೇಪಲ್ ಸಿರಪ್ಪಿನ ವಾಸನೆ ಹಬ್ಬಿ ಜನ ಗಾಬರಿಯಾಗುತ್ತಿದ್ದರು. ನದಿಯಾಚೆಯ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಸಂಸ್ಕರಿಸುತ್ತಿದ್ದ ಮೆಂತ್ಯವೇ ಅದರ ಮೂಲವೆಂದು 2009ರಲ್ಲಿ ನಗರದ ಆಡಳಿತ ಪ್ರಕಟಿಸಿತು.

ಬೆಂಗಳೂರಿನಲ್ಲಿ 111

ಪಾಕವಿಧಾನದ ಪುಸ್ತಕಗಳಲ್ಲಿರುವ 114 ಡಿಗ್ರಿ ಸಮುದ್ರಮಟ್ಟದ ಊರಿಗೆ ಮಾತ್ರ ಸರಿ. ಮಂಗಳೂರಿನಲ್ಲಿ ಅದನ್ನೇ ಪಾಲಿಸಬಹುದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯಲ್ಲೇ ಕುದಿಯುವುದರಿಂದ ಫಡ್ಜಿನ ಪಾಕ 111ಕ್ಕೇ ಹದಕ್ಕೆ ಬರುತ್ತದೆ. ಅಲ್ಲಿ 114ರವರೆಗೆ ಕಾಯಿಸಿದರೆ ನೀರು ಅತಿಯಾಗಿ ಹೋಗಿ ಬಿಲ್ಲೆ ಪುಡಿಪುಡಿಯಾಗುತ್ತದೆ. ಮೊದಲು ಕುದಿವ ನೀರಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, ಅದು ತೋರಿಸುವ ಅಂಕಿಗೆ 14 ಕೂಡಿಸಿಕೊಳ್ಳುವುದು ಸರಳ ದಾರಿ.

ಥರ್ಮಾಮೀಟರ್ ಇಲ್ಲದಿದ್ದರೂ ತೊಂದರೆಯಿಲ್ಲ. ಕಜ್ಜಾಯಕ್ಕೆ ಬೆಲ್ಲದ ಪಾಕ ನೋಡುವಂತೆ ತಣ್ಣೀರಿನ ಬಟ್ಟಲಿಗೆ ಒಂದು ತೊಟ್ಟು ಬಿಟ್ಟು ಬೆರಳಲ್ಲಿ ಕೂಡಿಸಿ. ಮೆತ್ತಗಿನ ಉಂಡೆ ಕಟ್ಟಿದರೆ ಹದ ಬಂತು. ಕುದಿಬಿಂದು ಊರೂರಿಗೆ ಬದಲಾಗುತ್ತದೆ, ಈ ಪರೀಕ್ಷೆ ಬದಲಾಗದು. ಏಕೆಂದರೆ ಬೆರಳು ಅಳೆಯುವುದು ಬಿಸಿಯನ್ನಲ್ಲ, ಸಕ್ಕರೆ ನೀರಿನ ಪ್ರಮಾಣವನ್ನು ನೇರವಾಗಿ.

ಇಷ್ಟಾಗಿಯೂ ಫಡ್ಜ್ ಮರಳಾದರೆ ಎಸೆಯಬೇಕಿಲ್ಲ. ಹರಳುಗಟ್ಟುವುದು ಭೌತಿಕ ಬದಲಾವಣೆ, ಅದನ್ನು ಹಿಂದಕ್ಕೆ ತಿರುಗಿಸಬಹುದು. ಅರ್ಧ ಬಟ್ಟಲು ನೀರು ಹಾಕಿ ಸಣ್ಣ ಉರಿಯಲ್ಲಿ ಕೊನೆಯ ಹರಳೂ ಕರಗುವವರೆಗೆ ಕಾಯಿಸಿ ಮತ್ತೆ ಹದಕ್ಕೆ ತನ್ನಿ. ಅಂಟಾಗಿ ಉಳಿದದ್ದಕ್ಕೂ ಹೆಚ್ಚಿನ ಸಲ ಮತ್ತೆ ಕಾಯಿಸಿ ಹದಕ್ಕೆ ತರುವುದೇ ಮದ್ದು, ಏಕೆಂದರೆ ಅದರಲ್ಲಿ ನೀರು ಹೆಚ್ಚು ಉಳಿದಿರುತ್ತದೆ. ಹಿಂದಕ್ಕೆ ಬಾರದ್ದು ಸಕ್ಕರೆ, ಪ್ರೋಟೀನುಗಳ ರಾಸಾಯನಿಕ ವರ್ತನೆ ಮಾತ್ರ. ಎರಡನೆಯ ಸಲದ ಫಡ್ಜಿಗೆ ಬಣ್ಣ ಒಂದು ಪಟ್ಟು ಗಾಢ, ರುಚಿಯೂ ಅಷ್ಟೇ ಗಾಢ. ಈ ಸಲವಾದರೂ ಪಾಕ ಆರುವ ತನಕ ಸೌಟನ್ನು ಕೈಗೆಟುಕದ ಕಡೆ ಇಡುವುದು ಒಳ್ಳೆಯದು.